ಗುಂಡಿನ ಲಂಗ

ಅಮೆರಿಕದಲ್ಲಿ ಬಂದೂಕಿನ ಹುಚ್ಚಿರುವವರು ಬಿಡುವಿನ ದಿನ ಮನೆಯಲ್ಲೇ ಕೂತು, ಹಾರಿಸಿ ಮುಗಿದ ರೈಫಲ್ ತೋಟಾದ ಹಿತ್ತಾಳೆ ಕೋಶವನ್ನು ಅಚ್ಚಿಗೆ ತೂರಿಸಿ, ಹಳೆಯ ಅಳತೆಗೆ ತಂದು, ಮದ್ದು ತುಂಬಿ ಮತ್ತೆ ಹೊಡೆಯುತ್ತಾರಂತೆ. ಜಿಡ್ಡು ಸವರದೆ ತೂರಿಸಿದರೆ ಕೋಶ ಅಚ್ಚಿನೊಳಗೇ ಕಚ್ಚಿಕೊಳ್ಳುತ್ತದೆ. ಅದರ ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದರೆ ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಬುಡವೇ ಬಿಟ್ಟುಕೊಳ್ಳಬಹುದು. ದೆಹಲಿಯ ಮಯೂರ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಇದೇ ಕಸುಬಿಗೆ ಕೈಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಸೆಕ್ಷನ್ ಮನೆಬಾಗಿಲಿಗೆ ಬರುತ್ತದೆ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರಿಗೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿ 2029ರವರೆಗೆ ಇದೆ. ಆದರೆ ನಾನು ಹಾಸನದವನು. ದೀಪಾವಳಿಯ ಲಕ್ಷ್ಮೀ ಪಟಾಕಿಗೇ ಕಿವಿ ಮುಚ್ಚಿಕೊಂಡು ಒಳಕೋಣೆ ಸೇರುವವನು.

ಹಾಗಿದ್ದೂ ನಮ್ಮ ಮನೆಗೆ ಗುಂಡು ಬಂದದ್ದು ಮಗಳಿಂದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗಿನಲ್ಲಿ ನಮ್ಮ ಪಕ್ಕದ ಝಜ್ಜರ್ ಜಿಲ್ಲೆಯ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಉದ್ದುದ್ದ ಪೆಟ್ಟಿಗೆಗಳ ಓಡಾಟ ಜಾಸ್ತಿಯಾಯಿತು. ಅವುಗಳಲ್ಲೊಂದು ನಮ್ಮದು. 10 ಮೀಟರ್ ಏರ್ ರೈಫಲ್. ಮದ್ದಿಲ್ಲ, ಬರೀ ಗಾಳಿ. ವಾರಾಂತ್ಯಕ್ಕೆ ಮಗಳು ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿಗೆ ಹೋಗುತ್ತಾಳೆ. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ ಜಾಗ. ನಾನು ಹಿಂದೆ ಕೂತು ಚೀಲ ಕಾಯುತ್ತೇನೆ.

ಕಾಯುತ್ತಾ ಸುಮ್ಮನೆ ಕೂತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ನಾನು ಲೆಕ್ಕಪರಿಶೋಧನೆಯಲ್ಲಿ ನೌಕರಿ ಸವೆಸಿ ನಿವೃತ್ತನಾದವನು. ಈ ಆಟದಲ್ಲಿ ಎಲ್ಲಕ್ಕೂ ಅಳತೆ. ಗುರಿಯ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಹತ್ತರೊಳಗೂ ದಶಮಾಂಶ, ಪರಮಾವಧಿ 10.9. ಮಗಳು ತೊಡುವ ಜಾಕೆಟ್ಟಿನ ಬಟ್ಟೆ ಕೂಡ 2.5 ಮಿ.ಮೀ.ಗಿಂತ ದಪ್ಪ ಇರಕೂಡದು. ಗುಂಡಿನ ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಬೇರೆಬೇರೆ ಮುದ್ರಿಸಿರುತ್ತಾರೆ. ಮುದ್ರಿಸಿದ ಅಂಕಿಯನ್ನು ಪರಿಶೀಲಿಸದೆ ಸಹಿ ಹಾಕಿದ ದಾಖಲೆ ನನ್ನ ಸರ್ವೀಸಿನಲ್ಲಿಲ್ಲ.

ಡಿಜಿಟಲ್ ಕ್ಯಾಲಿಪರ್ ಬಂತು. ಒಡವೆ ತೂಗುವ ತಕ್ಕಡಿಯೂ ಬಂತು. ಐನೂರು ಗುಂಡಿನ ಡಬ್ಬಿ ಒಡೆದು ಊಟದ ಮೇಜಿನ ಮೇಲೆ ಕೂತೆ. "ಸೀಸ ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೀದೆ ಅಡುಗೆಮನೆಗೆ ಕಾಲಿಟ್ರೆ ನೋಡಿ, ಮೊದ್ಲು ಮೇಜು ಬಿಡಿ," ಎಂದಳು ನಮ್ಮಾಕೆ. ಬಾಲ್ಕನಿಗೆ ವರ್ಗವಾಯಿತು. ಅಳೆದದ್ದನ್ನು ಬೇರೆಬೇರೆ ಇಡಲು ಊರಿಂದ ತಂದ ಅಳಗುಳಿಮಣೆ ಸಿಕ್ಕಿತು. ಹದಿನಾಲ್ಕು ಗುಳಿ! ಒಂದರಲ್ಲಿ 4.49, ಇನ್ನೊಂದರಲ್ಲಿ 4.50, ಅಂಚು ಮುರಿದದ್ದು ಮೂಲೆಗೆ. ಜನ್ಮದಲ್ಲಿ ಅಂಥ ಅಚ್ಚುಕಟ್ಟಾದ ಕಡತ ನಾನು ಕಂಡಿರಲಿಲ್ಲ.

ಕಾಫಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮತ್ತೆ ಬಿಸಿಲು ಕಾಯಲು ಬಾಲ್ಕನಿಗೆ ಬಂದಿದ್ದರು. "ಹುಣಿಸೇಬೀಜ ಸಿಗಲಿಲ್ವೇನೋ, ಪಾಪ, ಏನೋ ಕಬ್ಬಿಣದ್ದು ಹಾಕ್ಕೊಂಡಿದಾರೆ ಅಳಿಯಂದ್ರು," ಎಂದುಕೊಂಡು ಒಂದು ಗುಳಿಯದನ್ನು ಬಾಚಿ ಉಳಿದ ಗುಳಿಗಳಿಗೆಲ್ಲ ಒಂದೊಂದೇ ಬಿತ್ತುತ್ತಾ ಎರಡು ಸುತ್ತು ಮುಗಿಸಿದ್ದರು. ನನ್ನನ್ನು ಕಂಡು, "ನೀವು ಸೋತ್ರಿ," ಎಂದರು. ಅತ್ತೆಯ ಕೈ ತೊಳೆಸಿದೆ. ಮತ್ತೆ ಅಳೆಯಲು ಕೂತೆ.

ಆಗ ಇನ್ನೊಂದು ವಿಷಯ ಬಯಲಾಯಿತು. ಬೆಳಗ್ಗೆ 4.50 ಅಂದ ಗುಂಡೇ ಮಧ್ಯಾಹ್ನ 4.48 ಅನ್ನುತ್ತಿತ್ತು. ಸೀಸ ಬಿಸಿಗೆ ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿದ್ದೆ, ಲೆಕ್ಕ ಹಾಕಿದೆ: ದೆಹಲಿಯ ಜನವರಿಯ 5 ಡಿಗ್ರಿಯಿಂದ ಜೂನಿನ 45ಕ್ಕೆ ಏರಿದರೂ 4.5 ಮಿ.ಮೀ. ಗುಂಡು ಹಿಗ್ಗುವುದು ಸುಮಾರು 0.005 ಮಿ.ಮೀ. ಅಷ್ಟೆ. ಹಿಗ್ಗಿಲ್ಲ, ಕುಗ್ಗಿದೆ ಬೇರೆ. ಕೊನೆಗೆ ಕ್ಯಾಲಿಪರಿನ ಜೊತೆ ಬಂದ ಚೀಟಿ ಬಿಡಿಸಿ ಓದಿದೆ. 0.02 ಮಿ.ಮೀ. ಹೆಚ್ಚುಕಡಿಮೆ ತೋರಿಸಬಹುದು ಎಂದಿತ್ತು. ನಾನು ಹುಡುಕುತ್ತಿದ್ದ ವ್ಯತ್ಯಾಸ 0.01. ಅಂದರೆ ಅತ್ತೆ ಆಡಿದ ಆಟಕ್ಕೂ ನಾನು ಮಾಡಿದ ವರ್ಗೀಕರಣಕ್ಕೂ ವೈಜ್ಞಾನಿಕವಾಗಿ ಭೇದವಿರಲಿಲ್ಲ.

ಬುದ್ಧಿಯಿರುವವನು ಇಲ್ಲಿಗೆ ಬಿಡುತ್ತಿದ್ದ. ನಾನು, ಅಳೆಯಲಾಗದಿದ್ದರೇನು, ಎಲ್ಲವನ್ನೂ ಒಂದೇ ಅಳತೆಗೆ ತಂದುಬಿಟ್ಟರಾಯಿತಲ್ಲ ಎಂದುಕೊಂಡೆ. ಒಬ್ಬ ಲೇತಿನವನಿಂದ ಹಿತ್ತಾಳೆ ಪಟ್ಟಿಗೆ 4.5ರ ತೂತು ಕೊರೆಸಿಕೊಂಡು ಬಂದೆ. ಗುಂಡನ್ನು ತಲೆ ಕೆಳಗಾಗಿ ತೂತಿಗೆ ಇಟ್ಟು, ನಮ್ಮಾಕೆಯ ಸ್ವೆಟರ್ ಕಡ್ಡಿಯಿಂದ ಒತ್ತಿದರೆ ಕ್ರಿಕ್ ಎಂದು ಆಚೆ ಬೀಳುತ್ತದೆ. ಆ ಸದ್ದಿನಲ್ಲಿ ಏನೋ ಒಂದು ಸುಖ. ರಾತ್ರಿ ಹನ್ನೊಂದರ ತನಕ ಕ್ರಿಕ್, ಕ್ರಿಕ್. ಡಬ್ಬಿ ಪೂರ್ತಿ ಮುಗಿಯಿತು.

ಏರ್ ರೈಫಲ್ ಗುಂಡನ್ನು ನೋಡದವರಿಗೆ ಹೇಳಬೇಕು: ಅದು ಪುಟ್ಟ ಡಮರುವಿನ ಹಾಗೆ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ತೆಳ್ಳನೆಯ ಲಂಗ. ಲಂಗ ತಲೆಗಿಂತ ತುಸು ಅಗಲ, ಅದು ತಯಾರಿಕೆಯ ದೋಷವಲ್ಲ. ಹಿಂದಿನಿಂದ ಗಾಳಿ ನುಗ್ಗಿದಾಗ ಆ ಲಂಗ ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳಬೇಕು. ಆಗಲೇ ಗಾಳಿ ಸೋರದೆ ಗುಂಡು ತಿರುಗುತ್ತಾ ನೆಟ್ಟಗೆ ಹೋಗುತ್ತದೆ. ನಾನು ರಾತ್ರಿ ಹನ್ನೊಂದರ ತನಕ ಕೂತು ಒರೆಸಿ ತೆಗೆದದ್ದು ಸರಿಯಾಗಿ ಅದನ್ನೇ.

ಮಾರನೆಯ ದಿನ ಮಗಳು ಹತ್ತೆಂಟು ಹೊಡೆದಳು. ಒಂದು ಎಂಟಕ್ಕೆ, ಒಂದು ಏಳಕ್ಕೆ, ಒಂದು ಎಲ್ಲಿಗೆ ಹೋಯಿತೋ ಪರದೆಯನ್ನೇ ಕೇಳಬೇಕು. ಒಂದು ಗುಂಡನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿ, "ಅಪ್ಪಾ, ಇದರ ಲಂಗ ಏನು ಮಾಡಿದ್ರಿ?" ಎಂದಳು. ಅಕ್ಕಪಕ್ಕದಲ್ಲಿ ಕನ್ನಡ ಬಲ್ಲವರು ಇರಲಿಲ್ಲ ಎನ್ನುವುದೊಂದೇ ಸಮಾಧಾನ.

ತಿದ್ದುವ ಕೆಲಸ ಶುರುವಾಯಿತು. ಬಾಲ್ ಪೆನ್ನಿನ ಮೊನೆಯನ್ನು ಲಂಗದೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದರೆ ಅರಳುತ್ತದೆ. ಅರಳಿತು, ಒಂದು ಕಡೆಗೆ ಮಾತ್ರ. ಇನ್ನೊಂದು ಕಡೆ ಒತ್ತಿದರೆ ಮೊಟ್ಟೆಯಾಕಾರಕ್ಕೆ ತಿರುಗಿತು. ಮಗಳ ಕೋಚ್ ನಕ್ಕು ದಾರಿ ತೋರಿಸಿದರು: ರೈಫಲನ್ನು ವೈಸಿನಲ್ಲಿ ಬಿಗಿದು ಬೇರೆಬೇರೆ ಲಾಟಿನ ಗುಂಡು ಐದೈದು ಹೊಡೆದು, ಯಾವುದರ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಆ ಡಬ್ಬಿ ಕೊಳ್ಳುವುದು. ಒಳ್ಳೆಯ ಶೂಟರುಗಳು ಮಾಡುವುದು ಅದನ್ನೇ. ಅಲ್ಲಿ ಅಪ್ಪಂದಿರಿಗೆ ಏನೂ ಪಾತ್ರವಿಲ್ಲ, ದುಡ್ಡು ಕೊಡುವುದೊಂದು ಬಿಟ್ಟು.

ಹಾಳಾದ ಡಬ್ಬಿಯನ್ನು ಕಬಾಡಿಯವನಿಗೆ ಹಾಕಿದೆವು. ಗುಂಡೊಂದಕ್ಕೆ 0.53 ಗ್ರಾಂ, ಹೊಡೆದದ್ದು ಕಳೆದರೂ 255 ಗ್ರಾಂಗೆ ಕಡಿಮೆಯಿರಲಿಲ್ಲ, ನಾನು ತೂಗಿಟ್ಟಿದ್ದೆ. ಅವನು ತಕ್ಕಡಿ ಎತ್ತಿ, ಮುಳ್ಳಿನತ್ತ ನೋಡದೆ, "ಪಾವ್ ಕಿಲೋ," ಎಂದ. ಐದು ಗ್ರಾಂ ಮೇಲಿದೆ ಎಂದು ನಾನು ಹಿಂದಿಯಲ್ಲಿ ವಾದ ಹೂಡುವಷ್ಟರಲ್ಲಿ ನಮ್ಮಾಕೆ ಒಳಗಿಂದ ಕೂಗಿದಳು:

"ಆ ಕ್ಯಾಲಿಪರೂ ತಗೋತಾನಾ ಕೇಳಿ."