ನಾಲ್ಕಕ್ಷರದ ಸುಂಕದಕಟ್ಟೆ

ಗಡಿ ಕಾಯುವುದಕ್ಕೆ ಸೈನ್ಯ, ಮುಳ್ಳುತಂತಿ, ಕಾವಲುಗೋಪುರ ಎಲ್ಲವೂ ಬೇಕೆಂದು ನಂಬಿಕೊಂಡಿರುವ ರಕ್ಷಣಾ ಮಂತ್ರಿಗಳು ಒಮ್ಮೆ ನಿಂಟೆಂಡೊ ಕಂಪನಿಯವರ ಹತ್ತಿರ ಮನೆಪಾಠಕ್ಕೆ ಹೋಗಿಬರಬೇಕಿತ್ತು. ಜಪಾನಿಗೂ ಅಮೆರಿಕಕ್ಕೂ ನಡುವೆ ದೇವರು ಒಂದು ಮಹಾಸಾಗರವನ್ನೇ ಇಟ್ಟಿದ್ದಾನೆ. ಅದು ಸಾಲದೆಂದು ಕಂಪನಿಯವರು ಎರಡು ಪ್ಲಾಸ್ಟಿಕ್ ಗೂಟ ನೆಟ್ಟರು. 1991ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಸೂಪರ್ ನಿಂಟೆಂಡೊ ಯಂತ್ರದಲ್ಲಿ, ಕಾರ್ಟ್ರಿಜ್ ತೂರಿಸುವ ಸಂದಿಯೊಳಗೆ ಈ ಪುಟ್ಟ ಗೂಟಗಳು ಕಾವಲು ನಿಂತಿದ್ದವು. ಅಮೆರಿಕದ ಕಾರ್ಟ್ರಿಜ್ಜಿನ ಬೆನ್ನಿಗೆ ಅವಕ್ಕೆ ಹೊಂದುವ ಕಚ್ಚು ಇತ್ತು, ಜಪಾನಿನದಕ್ಕೆ ಇರಲಿಲ್ಲ. ಒಳಗಿನ ಬೀಗದ ಚಿಪ್ಪು ಎರಡೂ ದೇಶಗಳಿಗೆ ಒಂದೇ ಬಗೆಯದು. ಹುಡುಗರು ಅಪ್ಪನ ಇಕ್ಕಳ ತಂದು ಎರಡನ್ನೂ ಮುರಿದು ಕಸಕ್ಕೆ ಎಸೆದರು. ಶಾಂತಸಾಗರ ದಾಟುವ ಕೆಲಸ ಅಷ್ಟಕ್ಕೆ ಮುಗಿಯಿತು.

ಸೋನಿಯವರು ಇದರಿಂದ ಪಾಠ ಕಲಿತರು. ಇಕ್ಕಳಕ್ಕೆ ಸಿಗದ ಜಾಗದಲ್ಲಿ ಗೂಟ ನೆಡಬೇಕು!

1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ ಆಟಗಳನ್ನು ಸಿಡಿಯಲ್ಲಿ ಕೊಟ್ಟಿತು. ಸಿಡಿಯ ಸೌಲಭ್ಯವೂ ಸಂಕಟವೂ ಒಂದೇ: ಯಾರು ಬೇಕಾದರೂ ನಕಲು ಮಾಡಬಹುದು. ಅದಕ್ಕೊಂದು ಜಾಣ ಉಪಾಯ ಹುಡುಕಿದರು. ಕಾರ್ಖಾನೆಯಲ್ಲಿ ಅಚ್ಚು ಹಾಕುವಾಗ ತಟ್ಟೆಯ ಒಳಸುತ್ತಿನ ದಾರಿಯೇ ಸಣ್ಣಗೆ ನಡುಗುವಂತೆ ಮಾಡಿದರು. ಆ ನಡುಕದಲ್ಲಿ ನಾಲ್ಕು ಅಕ್ಷರ ಅಡಗಿಸಿದರು. ಜಪಾನಿನ ತಟ್ಟೆಗೆ ಎಸ್.ಸಿ.ಇ.ಐ, ಅಮೆರಿಕದ್ದಕ್ಕೆ ಎಸ್.ಸಿ.ಇ.ಎ, ಯುರೋಪಿನದಕ್ಕೆ ಎಸ್.ಸಿ.ಇ.ಇ. ಮನೆಯ ಸಿಡಿ ಬರ್ನರ್‌ಗೆ ಹಾಡು, ಚಿತ್ರ, ಆಟ ಎಲ್ಲ ನಕಲಿಸಲು ಬರುತ್ತದೆ. ಈ ನಡುಕ ಮಾತ್ರ ಬರುವುದಿಲ್ಲ. ಖಾಲಿ ಸಿಡಿಯ ದಾರಿಯನ್ನು ಮೊದಲೇ ಕೊರೆದಿರುತ್ತಾರೆ, ಬರ್ನರ್ ಅದರ ಮೇಲೆ ನಡೆದುಹೋಗುತ್ತದೆ ಅಷ್ಟೆ. (ಪ್ಲೇಸ್ಟೇಷನ್ ಸಿಡಿಯ ಹೊಟ್ಟೆ ಕಪ್ಪಗಿರುತ್ತದಲ್ಲ, ರಹಸ್ಯವೆಲ್ಲ ಅದರಲ್ಲೇ ಇದೆ ಎಂದು ನಂಬಿದ ಪಂಡಿತರು ನಮ್ಮಲ್ಲಿ ಬಹಳ ಮಂದಿ. ಅದು ಬರೀ ಬಣ್ಣ. ಲೇಸರ್ ಕಿರಣಕ್ಕೆ ಅದು ಕಾಣುವುದೂ ಇಲ್ಲ.)

ಇಲ್ಲಿಯವರೆಗೆ ಎಲ್ಲವೂ ಸರಿ. ಕಳ್ಳನನ್ನು ಹಿಡಿಯಲು ಕಾವಲುಗಾರನನ್ನು ಇಡುವುದು ತಪ್ಪಲ್ಲ. ಆದರೆ ಸಂಬಳ ಉಳಿಸಲು ಅದೇ ಕಾವಲುಗಾರನ ಕೈಗೆ ಸುಂಕದವನ ರಸೀತಿ ಪುಸ್ತಕವನ್ನೂ ಕೊಟ್ಟರು. ನಾಲ್ಕಕ್ಷರ ಇಲ್ಲದಿದ್ದರೆ ನೀನು ಕಳ್ಳ. ಇದ್ದೂ ನಾಲ್ಕನೆಯದು ಬೇರೆಯಾಗಿದ್ದರೆ ನೀನು ಪರದೇಶಿ. ಇಬ್ಬರಿಗೂ ಬಾಗಿಲು ಬಂದ್. ಐವತ್ತು ಡಾಲರು ತೆತ್ತು ಅಸಲಿ ತಟ್ಟೆ ತರಿಸಿಕೊಂಡವನೂ, ಪಕ್ಕದ ಮನೆಯವನಿಂದ ನಕಲು ಮಾಡಿಕೊಂಡವನೂ ಒಂದೇ ಕಟಕಟೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಹಾಗೆ ನಿಂತವರು ಪರಿಚಯ ಮಾಡಿಕೊಳ್ಳದೆ ಇರುತ್ತಾರೆಯೇ?

ಪರದೇಶಿಯ ಪಾಡನ್ನು ಸ್ವಲ್ಪ ಕೇಳಿ. ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ, ನಿಮಗಾದರೂ ಹೇಳುತ್ತೇನೆ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಮಿಡಿದರೆ ಯುರೋಪಿನವು 50 ಸಲ. ಅಲ್ಲಿಗೆ ಹೊಂದಿಸುವಾಗ ಆಟದ ಲೆಕ್ಕಾಚಾರವನ್ನು ತಿದ್ದುವ ಶ್ರಮವನ್ನು ಎಷ್ಟೋ ಕಂಪನಿಗಳು ತೆಗೆದುಕೊಳ್ಳಲಿಲ್ಲ. ಆಟ ಆರರಲ್ಲೊಂದು ಪಾಲು ನಿಧಾನವಾಯಿತು, ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು. ಟೋಕಿಯೊದಲ್ಲಿ ಮಿಂಚಿನಂತೆ ಒದೆಯುವ ಕರಾಟೆಪಟು ಲಂಡನ್ನಿನಲ್ಲಿ ಮಂಡಿನೋವಿನವನಾದ. ಅದೂ ಸಿಕ್ಕರೆ ಪುಣ್ಯ. ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್, ಜೆನೊಗಿಯರ್ಸ್, ಕ್ರೊನೊ ಕ್ರಾಸ್‌ನಂಥ ಆಟಗಳು ಪ್ಲೇಸ್ಟೇಷನ್ನಿನ ಕಾಲದಲ್ಲಿ ಯುರೋಪಿನ ಅಂಗಡಿಗೆ ಕಾಲಿಡಲೇ ಇಲ್ಲ. ಇಂಗ್ಲಿಷ್ ಹುಟ್ಟಿದ ನಾಡಿನ ಹುಡುಗ ಇಂಗ್ಲಿಷಿನಲ್ಲೇ ಇರುವ ಆಟವನ್ನು ಅಮೆರಿಕದಿಂದ ದುಡ್ಡು ಕೊಟ್ಟು ತರಿಸಿದರೆ, ಮನೆಯ ಯಂತ್ರ ಅವನನ್ನು ಕಳ್ಳನೆಂದು ನೋಡಿತು. ನಾವೂ 50ರ ಗುಂಪಿನವರೇ. ಅಮೆರಿಕದ ಅಣ್ಣನೋ ಮಾವನೋ ತಂದುಕೊಟ್ಟ ಯಂತ್ರವನ್ನು ಇಲ್ಲಿನ ಪಾಲ್ ಪದ್ಧತಿಯ ಟಿವಿಗೆ ಸಿಕ್ಕಿಸಿ, ಕಪ್ಪುಬಿಳುಪಿನ ಆಟ ನೋಡಿ ಮುಖ ಕಪ್ಪಿಟ್ಟುಕೊಂಡ ಮನೆಗಳು ಕರ್ನಾಟಕದಲ್ಲೂ ಇದ್ದವು.

ಮನುಷ್ಯ ಸುಮ್ಮನಿರುತ್ತಾನೆಯೇ? ಮೊದಲು ಬಂದದ್ದು ತಟ್ಟೆ ಬದಲಿಸುವ ಕೈಚಳಕ. ಬಾಲ್‌ಪೆನ್ನಿನ ಸ್ಪ್ರಿಂಗ್ ಕಿತ್ತು ಮುಚ್ಚಳದ ಗುಂಡಿಗೆ ಒತ್ತುಕೊಟ್ಟರೆ, ಬಾಗಿಲು ಮುಚ್ಚಿದೆಯೆಂದು ಯಂತ್ರ ನಂಬುತ್ತದೆ. ಅಸಲಿ ತಟ್ಟೆ ಹಾಕು, ಅದು ನಾಲ್ಕಕ್ಷರ ಓದಿ ತಲೆಯಾಡಿಸಲಿ, ತಿರುಗುತ್ತಿರುವಾಗಲೇ ಗಬಕ್ಕನೆ ಎತ್ತಿ ಇನ್ನೊಂದನ್ನು ಇಡು. ಒಂದು ಕ್ಷಣ ತಡವಾದರೆ ಮೊದಲಿಂದ. ಗಣಿತದಲ್ಲಿ ಹದಿನೆಂಟು ಅಂಕ ತೆಗೆದ ಹುಡುಗರು ಈ ಮುಹೂರ್ತವನ್ನು ಮಾತ್ರ ಕರಾರುವಾಕ್ಕಾಗಿ ಹಿಡಿದರು.

ಆಮೇಲೆ ಬಂತು ಚಿಪ್ಪು. ಎಂಟು ಕಾಲಿನ ಅಗ್ಗದ ಪಿಕ್ ಚಿಪ್, ನಾಲ್ಕಾರು ತಂತಿ, ಒಂದಿಷ್ಟು ಬೆಸುಗೆ. ಅದರ ಕೆಲಸ ನಾಲ್ಕಕ್ಷರವನ್ನು ಯಂತ್ರದ ಕಿವಿಯಲ್ಲಿ ಜಪಿಸುತ್ತಾ ಕೂರುವುದು. ತಟ್ಟೆ ಒಸಾಕಾದ್ದಿರಲಿ, ಓಣಿಯದ್ದಿರಲಿ, ಯಂತ್ರಕ್ಕೆ ಕೇಳುವುದು ಜಪ ಮಾತ್ರ. ಕಾವಲುಗಾರನೂ ಸುಂಕದವನೂ ಒಬ್ಬನೇ ಆಗಿದ್ದರಿಂದ ಒಂದೇ ಲಂಚ ಇಬ್ಬರಿಗೂ ಮುಟ್ಟಿತು. ಸೋನಿಯವರು ಗಡಿಗೆ ಬೇರೆ, ಕಳ್ಳತನಕ್ಕೆ ಬೇರೆ ಬೀಗ ಇಟ್ಟಿದ್ದರೆ ಆಮದು ರಸಿಕರು ಗಡಿಯ ಬೀಗವನ್ನಷ್ಟೇ ಮುರಿದು ತೆಪ್ಪಗೆ ಮನೆಗೆ ಹೋಗುತ್ತಿದ್ದರೋ ಏನೋ. ಒಂದೇ ಬೀಗ ಇಟ್ಟಿದ್ದಕ್ಕೆ, ಜಪಾನಿ ಆಟಕ್ಕೆಂದು ತೆರೆದ ಬಾಗಿಲಲ್ಲಿ ಜಗತ್ತಿನ ನಕಲಿ ತಟ್ಟೆಗಳ ಮೆರವಣಿಗೆಯೇ ಒಳನುಗ್ಗಿತು.

ಮೆರವಣಿಗೆಯಲ್ಲಿ ನಾವು ಮುಂದಿನ ಸಾಲಿನಲ್ಲಿದ್ದೆವು, ಅದನ್ನು ಮುಚ್ಚಿಡುವುದೇಕೆ. ಪ್ಲೇಸ್ಟೇಷನ್ 2ರ ಕಾಲಕ್ಕೆ ಮೆಜೆಸ್ಟಿಕ್ ಸುತ್ತಿನ ಅಂಗಡಿ ಸಾಲಿನಲ್ಲಿ ಗಿರಾಕಿ ಬೆಲೆಗಿಂತ ಮೊದಲು ಕೇಳುತ್ತಿದ್ದದ್ದು, ‘ಅಣ್ಣಾ, ಚಿಪ್ ಹಾಕಿರೋದು ತಾನೆ?’ ಎಂದು. ಹಾಕದೇ ಇರುವುದು ಡಿಫೆಕ್ಟ್ ಪೀಸ್ ಎಂಬ ಭಾವ. ಪಾಲಿಥೀನ್ ಕವರಿನಲ್ಲಿ ಮಸುಕು ಪ್ರಿಂಟಿನ ತಟ್ಟೆ, ಮೇಲೆ ಮಾರ್ಕರಿನಲ್ಲಿ ಬರೆದ ಹೆಸರು. ಬೇರೆ ದೇಶಗಳಲ್ಲಿ ಚಿಪ್ಪು ಮಾರುವವರು ಮಡಿವಂತರು: ‘ನಿಮ್ಮದೇ ಆಟಗಳ ಬ್ಯಾಕಪ್ಪಿಗೆ ಮಾತ್ರ’ ಎಂದು ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಯುತ್ತಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ. ಅಸಲಿಯನ್ನು ಜನ್ಮದಲ್ಲಿ ಕಂಡಿರದವನ ಮನೆಯಲ್ಲಿ ಇನ್ನೂರು ಬ್ಯಾಕಪ್ಪು! ನಮ್ಮ ಅಂಗಡಿಯಣ್ಣನಿಗೆ ಈ ಬೂಟಾಟಿಕೆ ಇರಲಿಲ್ಲ. ‘ಡೂಪ್ಲಿಕೇಟ್ ಸಾರ್, ಆದ್ರೆ ಓಡುತ್ತೆ’ ಎಂದೇ ಕೊಡುತ್ತಿದ್ದ.

ಕಂಪನಿಗಳು ಸೇಡು ತೀರಿಸಿಕೊಂಡ ರೀತಿ ಇನ್ನೂ ಸೊಗಸು. 1999ರ ಸುಮಾರಿಗೆ ಕೆಲವು ಆಟಗಳು ತಾವೇ ಪತ್ತೇದಾರರಾದವು. ಅಕ್ಷರ ಇರಬಾರದ ಜಾಗದಲ್ಲಿ ಯಂತ್ರವನ್ನು ಕೆಣಕಿ ನೋಡುವುದು. ಚಿಪ್ಪಿಗೆ ಹೊತ್ತುಗೊತ್ತು ಎಲ್ಲಿಂದ ಬರಬೇಕು, ಅಲ್ಲೂ ಜಪ ನಡೆಸಿರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆ ಎಲೆಕ್ಟ್ರಾನಿಕ್ಸಿಗೂ ಅನ್ವಯಿಸುತ್ತದೆಂದು ಆಗ ಸಾಬೀತಾಯಿತು. ತಕ್ಷಣ ಪರದೆಯ ಮೇಲೆ, ಯಂತ್ರವನ್ನು ಮಾರ್ಪಡಿಸಿದಂತಿದೆ, ಆಟ ಬಂದ್ ಎಂಬ ಎಚ್ಚರಿಕೆ. ಈ ಬಲೆಗೆ ಬಿದ್ದವರು ಯಾರು? ಚಿಪ್ಪಿರುವ ಯಂತ್ರಕ್ಕೆ ಅಸಲಿ ತಟ್ಟೆ ಕೊಂಡು ತಂದು ಹಾಕಿದವರು. ನಕಲಿ ತಟ್ಟೆಯವನಿಗೆ ಏನೂ ಆಗಲಿಲ್ಲ, ಏಕೆಂದರೆ ನಕಲು ಮಾಡಿದವನು ಆ ತಪಾಸಣೆಯನ್ನು ಮೊದಲೇ ಕಿತ್ತು ಹಾಕಿದ್ದ. ಸ್ವಲ್ಪ ದಿನಕ್ಕೆ, ಒಮ್ಮೆ ಜಪಿಸಿ ಬಾಯಿ ಮುಚ್ಚಿಕೊಳ್ಳುವ ಮೌನಿ ಚಿಪ್ಪುಗಳೂ ಬಂದವು.

2000ದಲ್ಲಿ ಬಂದ ಸ್ಪೈರೊ ಆಟ ಮಾತ್ರ ನಿಜವಾದ ಕಲಾವಿದರ ಕೈವಾಡ. ಕಳ್ಳಪ್ರತಿಯೆಂದು ಗೊತ್ತಾದರೂ ಬಾಗಿಲು ಹಾಕುವುದಿಲ್ಲ. ಜೋಯಿ ಎಂಬ ಯಕ್ಷಿಣಿ ಬಂದು ‘ಈ ಪ್ರತಿಯನ್ನು ಯಾರೋ ತಿದ್ದಿದಂತಿದೆ, ತೊಂದರೆಯಾಗಬಹುದು’ ಎಂಬರ್ಥದಲ್ಲಿ ವಿನಯವಾಗಿ ತಿಳಿಸಿ ಹೋಗುತ್ತಾಳೆ. ಆಮೇಲೆ ರತ್ನಗಳು ಕಾಣೆಯಾಗುತ್ತವೆ, ಭಾಷೆ ತಾನಾಗಿ ಬದಲಾಗುತ್ತದೆ. ಎಲ್ಲ ಸಹಿಸಿಕೊಂಡು ಕೊನೆಯ ಮಾಟಗಾತಿಯವರೆಗೆ ಹೋದವನ ಇಡೀ ಉಳಿತಾಯವನ್ನು ಅಳಿಸಿ ಮೊದಲಿಗೆ ಕಳಿಸುತ್ತದೆ. ಸರಕಾರಿ ಕಚೇರಿಯಲ್ಲಿ ಫೈಲು ಓಡಾಡಿಸುವವರು ಕೂಡ ಇಷ್ಟು ತಾಳ್ಮೆಯಿಂದ ಯಾರನ್ನೂ ಗೋಳುಹೊಯ್ದುಕೊಂಡಿರಲಾರರು. ಕಳ್ಳರಿಗೆ ಇದನ್ನು ಪೂರ್ತಿ ಬಿಡಿಸಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತಂತೆ. ಆಟ ಹೆಚ್ಚು ಮಾರಾಟವಾಗುವುದೇ ಮೊದಲ ಕೆಲವು ವಾರಗಳಲ್ಲಿ. ಮಾಡಿದವರಿಗೆ ಬೇಕಿದ್ದದ್ದೂ ಅಷ್ಟೆ. ಈ ಇಡೀ ಕತೆಯಲ್ಲಿ ಗೌರವಕ್ಕೆ ಯೋಗ್ಯವಾದ ಬೀಗ ಇದೊಂದೇ. ಅದಕ್ಕೆ ಗಡಿಯ ಗೊಡವೆ ಇರಲಿಲ್ಲ.

ವಿಷಯ ಕೋರ್ಟಿಗೆ ಹೋಯಿತು, ಹೋಗದೆ ಇರುತ್ತದೆಯೇ. ಸಿಡ್ನಿಯಲ್ಲಿ ಚಿಪ್ಪು ಮಾರುತ್ತಿದ್ದ ಸ್ಟೀವನ್ಸ್ ಎಂಬಾತನ ಮೇಲೆ ಸೋನಿ ದಾವೆ ಹೂಡಿತು. 2002ರಲ್ಲಿ ಒಬ್ಬ ನ್ಯಾಯಾಧೀಶರು ಸ್ಟೀವನ್ಸ್ ಕಡೆ, 2003ರಲ್ಲಿ ಪೂರ್ಣ ಪೀಠ ಸೋನಿ ಕಡೆ, 2005ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಮತ್ತೆ ಸ್ಟೀವನ್ಸ್ ಕಡೆ. ತರ್ಕ ಸರಳ: ನಿಮ್ಮ ನಾಲ್ಕಕ್ಷರ ನಕಲು ಮಾಡುವುದನ್ನು ಎಲ್ಲಿ ತಡೆಯುತ್ತದೆ? ನಕಲು ಮಾಡಿ ಮುಗಿದ ಮೇಲೆ ಆಡುವುದನ್ನಷ್ಟೇ ತಡೆಯುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಅದು ರಕ್ಷಣೆ ಎನಿಸುವುದಿಲ್ಲವೆಂದು ನಮ್ಮಜ್ಜಿ ಒಂದೇ ಸಾಲಿನಲ್ಲಿ ಹೇಳುವುದನ್ನು ಹೇಳಲು ಮೂರು ಹಂತದ ನ್ಯಾಯಾಲಯ ಬೇಕಾಯಿತು. ತೀರ್ಪು ಬಂದ ಮರುವರ್ಷವೇ, ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದದ ಮರ್ಜಿಯಲ್ಲಿ, ಆಸ್ಟ್ರೇಲಿಯ ಕಾನೂನನ್ನೇ ಬಿಗಿ ಮಾಡಿತು. ಆದರೆ ಒಂದು ಮಾತು ಸೇರಿಸಿತು: ಗಡಿಯ ಬೀಗಕ್ಕೆ ಈ ರಕ್ಷಣೆ ಇಲ್ಲ. ಕಾವಲುಗಾರನನ್ನೂ ಸುಂಕದವನನ್ನೂ ಬೇರೆ ಮಾಡಬಹುದೆಂದು ಕೊನೆಗೆ ಒಂದು ಪಾರ್ಲಿಮೆಂಟಿಗಾದರೂ ಹೊಳೆಯಿತು.

ಇಷ್ಟೆಲ್ಲ ರಾಮಾಯಣವಾಗುವಾಗ ಸೋನಿಯ ಯಂತ್ರದ ಹೊಟ್ಟೆಯೊಳಗೇ ಒಂದು ಹಿತ್ತಿಲ ಬಾಗಿಲು ಇತ್ತು. ಎಷ್ಟೋ ವರ್ಷ ಬಿಟ್ಟು ಸಿಡಿ ಡ್ರೈವಿನ ಒಳಗುಟ್ಟು ಅಗೆದವರಿಗೆ ಅದು ಸಿಕ್ಕಿತು. ಅಮೆರಿಕ, ಯುರೋಪಿನ ಯಂತ್ರಗಳ ಡ್ರೈವಿಗೆ ಕೆಲವು ರಹಸ್ಯ ಆಜ್ಞೆಗಳನ್ನು ಸಾಲಾಗಿ ಕಳಿಸಿದರೆ ಅದು ನಾಲ್ಕಕ್ಷರ ಕೇಳುವುದನ್ನೇ ಬಿಟ್ಟು ಯಾವ ತಟ್ಟೆಯನ್ನಾದರೂ ಓದುತ್ತದೆ. ಆ ಮಂತ್ರ ಯಾವುದು ಗೊತ್ತೇ? ‘ಲೈಸೆನ್ಸ್ಡ್ ಬೈ’, ‘ಸೋನಿ’, ‘ಕಂಪ್ಯೂಟರ್’, ‘ಎಂಟರ್‌ಟೇನ್‌ಮೆಂಟ್’, ಕೊನೆಗೆ ಊರಿನ ಹೆಸರು. ಮನೆ ಮುಂದಿನ ನಾಮಫಲಕವನ್ನು ಗಟ್ಟಿಯಾಗಿ ಓದಿದರೆ ಹಿತ್ತಿಲ ಬಾಗಿಲು ತೆರೆದುಕೊಳ್ಳುತ್ತದೆ! ಅಲ್ಲೂ ಸುಂಕದವನು ಬಿಡಲಿಲ್ಲ ನೋಡಿ: ಅಮೆರಿಕದ ಯಂತ್ರಕ್ಕೆ ಅಮೆರಿಕ ಎನ್ನಬೇಕು, ಯುರೋಪಿನದಕ್ಕೆ ಯುರೋಪ್ ಎನ್ನಬೇಕು. ಜಪಾನಿನ ಯಂತ್ರಕ್ಕೆ ಈ ಬಾಗಿಲೇ ಇಲ್ಲ. ತವರಿನವರ ಮೇಲೆ ಕಂಪನಿಗೆ ನಂಬಿಕೆ ಇನ್ನೂ ಕಡಿಮೆ. ಈಗ ಬೆಸುಗೆ ಕೂಡ ಬೇಡ. ಫ್ರೀಪಿಎಸ್ಎಕ್ಸ್‌ಬೂಟ್ ಎಂಬ ತಂತ್ರಾಂಶ ತುಂಬಿದ ಮೆಮೊರಿ ಕಾರ್ಡ್ ಸಿಕ್ಕಿಸಿ, ಪರದೆಯಲ್ಲಿ ಕಾರ್ಡಿನ ಪಟ್ಟಿ ತೆರೆದರೆ ಮುಗಿಯಿತು.

ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್, ಬ್ಲೀಮ್ ಎಂಬ ಪುಟ್ಟ ಕಂಪನಿಗಳನ್ನೂ ಸೋನಿ ಕೋರ್ಟಿಗೆಳೆದಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಿನಲ್ಲಿ ಇಬ್ಬರೂ ಗೆದ್ದರು. ಗೆದ್ದ ಬ್ಲೀಮ್ ಮರುವರ್ಷ ಅಂಗಡಿ ಮುಚ್ಚಿತು, ಕನೆಕ್ಟಿಕ್ಸಿನ ಎಮ್ಯುಲೇಟರನ್ನು ಸೋನಿಯೇ ಕೊಂಡು ಮೂಲೆಗಿಟ್ಟಿತು. 2018ರಲ್ಲಿ, ಪ್ಲೇಸ್ಟೇಷನ್ನಿನ ಹುಟ್ಟುಹಬ್ಬದ ದಿನವೇ, ಹಳೆಯ ನೆನಪಿನ 20 ಆಟ ತುಂಬಿದ ಪ್ಲೇಸ್ಟೇಷನ್ ಕ್ಲಾಸಿಕ್ ಎಂಬ ಪುಟ್ಟ ಡಬ್ಬಿಯನ್ನು ಅದೇ ಸೋನಿ 99.99 ಡಾಲರಿಗೆ ಮಾರಿತು. ಅದರೊಳಗೆ ಕೂತು ಆಟ ಓಡಿಸುತ್ತಿದ್ದದ್ದು ಹವ್ಯಾಸಿಗಳು ಕಟ್ಟಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಪಿಸಿಎಸ್ಎಕ್ಸ್ ರಿಆರ್ಮ್ಡ್ ಎಂಬ ಎಮ್ಯುಲೇಟರ್. ಹಾಗೆ ಬಳಸಲು ಪರವಾನಗಿ ಇದೆ, ಕಳ್ಳತನವೇನಲ್ಲ. ಅಸಲಿ ವಿಶೇಷ ಇನ್ನೊಂದು: ಅಮೆರಿಕದಲ್ಲಿ ಮಾರಿದ ಆ ಡಬ್ಬಿಯ 9 ಆಟಗಳು ಯುರೋಪಿನ 50ರ ತೆವಳು ಪ್ರತಿಗಳು! ಕಾಲು ಶತಮಾನ ಗಡಿ ಕಾದು, ಕೊನೆಗೆ ಪರದೇಶದ ಸರಕನ್ನು ಸುಂಕವಿಲ್ಲದೆ ಒಳಗೆ ತಂದವರು ಸುಂಕದಕಟ್ಟೆಯ ಯಜಮಾನರೇ.

ಇನ್ನು ನಮ್ಮ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಂತೆ, ನ್ಯಾಯವಾಗಿ ಕೊಂಡ ತಂತ್ರಾಂಶಕ್ಕೆ ನಾಶನಷ್ಟದಿಂದ ‘ತಾತ್ಕಾಲಿಕ ರಕ್ಷಣೆ’ಗಾಗಿ ಬ್ಯಾಕಪ್ ಮಾಡಿಕೊಳ್ಳಬಹುದು. 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎನ್ನುತ್ತದೆ. ಕಾಯ್ದೆ ನಿಷೇಧಿಸದ ಕೆಲಸಕ್ಕಾದರೆ ಮುರಿಯಬಹುದು. ಆದರೆ ಇನ್ನೊಬ್ಬರಿಗೆ ಮುರಿದುಕೊಡುವವನು ಆ ಗಿರಾಕಿಯ ಹೆಸರು, ವಿಳಾಸ, ಗುರುತಿನ ವಿವರ, ಮುರಿಸಿದ ಉದ್ದೇಶ ಎಲ್ಲವನ್ನೂ ದಾಖಲಿಸಿ ಇಟ್ಟುಕೊಂಡಿರಬೇಕು. ಎಸ್.ಪಿ. ರಸ್ತೆಯ ಯಾವುದೋ ಮಹಡಿಯ ಮೆಟ್ಟಿಲ ಕೆಳಗೆ ಬೆಸುಗೆ ಹಾಕುವವನ ಮುಂದೆ ಸಬ್‌ರಿಜಿಸ್ಟ್ರಾರ್ ಆಫೀಸಿನಂಥ ದಪ್ಪ ಲೆಡ್ಜರ್ ಇರುವುದನ್ನು ಕಲ್ಪಿಸಿಕೊಳ್ಳಿ.

‘ಹೆಸರು ಹೇಳಿ ಸಾರ್. ವಿಳಾಸ?’

‘ಸುಂಕದಕಟ್ಟೆ.’

‘ಉದ್ದೇಶ?’

‘ತಾತ್ಕಾಲಿಕ ರಕ್ಷಣೆ.’

‘ಎಷ್ಟು ವರ್ಷದ ತಟ್ಟೆ ಸಾರ್ ಇದು?’

‘ತೊಂಬತ್ತೇಳರದ್ದು.’

‘ಆಧಾರ್ ಜೆರಾಕ್ಸ್ ಒಂದು ಕೊಡಿ. ಇಲ್ಲಾಂದ್ರೆ ಒಂದ್ ಕೆಲ್ಸ ಮಾಡಿ, ಈ ಮೆಮೊರಿ ಕಾರ್ಡ್ ತಗೊಂಡೋಗಿ ಮನೇಲಿ ನೀವೇ ಹಾಕ್ಕೊಳ್ಳಿ. ನಿಮ್ದು ನೀವೇ ಮುರ್ಕೊಂಡ್ರೆ ಬುಕ್ಕಲ್ಲಿ ಎಂಟ್ರಿ ಬೇಕಾಗಿಲ್ಲ.’