ಲ್ಯಾಂಡ್‌ಬೀಟ್ ಆ್ಯಪಿಗೆ ಕುಂಬ್ರದಿಂದ ಒಂದು ಅರ್ಜಿ

ಶ್ರೀಯುತ ಲ್ಯಾಂಡ್‌ಬೀಟ್ ಆ್ಯಪ್ ಅವರಿಗೆ,

ಸರ್ಕಾರಿ ಜಾಗವನ್ನು ಯಾರು ನುಂಗಿದ್ದಾರೆಂದು ನೋಡಲಿಕ್ಕೇ ಕಂದಾಯ ಇಲಾಖೆ ತಮ್ಮನ್ನು ಹೆತ್ತದ್ದು. ತಮ್ಮನ್ನು ಕೈಯಲ್ಲಿ ಹಿಡಿದು ಗ್ರಾಮ ಆಡಳಿತಾಧಿಕಾರಿ ಪರಂಬೋಕಿನ ಗಡಿ ಸುತ್ತಬೇಕು, ಮುಂದೆ ಅವರ ಸಹಾಯಕ ಉಗ್ರಾಣಿ ಕತ್ತಿಯಲ್ಲಿ ಬಲ್ಲೆ ಸವರಬೇಕು. ಇಂಥ ಆ್ಯಪ್‌ಗಳ ಹೊರೆ ತಾಳಲಾರದೆ ಆ ಪಾಪದವರು 2024ರಲ್ಲಿ ಮುಷ್ಕರಕ್ಕೂ ಕೂತರು. ತಮಗೇನು, ಜಿಗಣೆ ಕಚ್ಚುವುದಿಲ್ಲವಲ್ಲ!

ನನ್ನದೊಂದು ದೂರು ಇದೆ. ತಾವು ಹುಟ್ಟುವ ಮೊದಲಿನದು, ಆದರೂ ದಾಖಲಿಸಿಕೊಳ್ಳಿ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತೆಂದು ಗಡಿಯಲ್ಲಿ ಕೇರಳದ ಕಾಸರಗೋಡಿನ ಕಡೆಗೆ ಹೋಗುವ ರಸ್ತೆಗಳ ಮೇಲೆ ಲೋಡುಗಟ್ಟಲೆ ಮಣ್ಣು ಸುರಿದರು. ಜಾಗ ಸಾರ್ವಜನಿಕರದ್ದು. ತೋಟದ ಪಕ್ಕದ ಸರ್ಕಾರಿ ಕುಮ್ಕಿ ಜಾಗದಲ್ಲಿ ನಾಲ್ಕು ಅಡಿಕೆ ಗಿಡ ನೆಟ್ಟವನನ್ನು ಒತ್ತುವರಿದಾರ ಅನ್ನುವುದಾದರೆ ಇದಕ್ಕೆ ಏನನ್ನಬೇಕು ಮಾರಾಯ್ರೆ? ಹೆಸರಿನ ಕಲಮಿನಲ್ಲಿ 'ಕರ್ನಾಟಕ ಸರ್ಕಾರ' ಎಂದೇ ಬರೆಯಿರಿ.

ಆಚೆ ಬದಿಯಲ್ಲಿದ್ದವರು ಯಾರು? ಮನೆಯಲ್ಲಿ ಕನ್ನಡ, ತುಳು ಮಾತಾಡುವವರು, ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದವರು. ದಾರಿ ಸಿಗದೆ ಕೆಲವರು ತೀರಿಕೊಂಡರು. ಅಡ್ಡ ತೆಗೆಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೇಳಿದರೆ ನಮ್ಮವರು ಸುಪ್ರೀಂ ಕೋರ್ಟಿಗೆ ಹೋದರು. ಚಂದ್ರಗಿರಿ ಹೊಳೆಯ ಉತ್ತರದ ನೆಲ ನಮಗೆ ಸೇರಬೇಕೆಂದು 1967ರಲ್ಲಿ ಹೇಳಿದ ಮಹಾಜನ ವರದಿಯನ್ನು ಪ್ರತಿ ನವೆಂಬರ್ ಒಂದಕ್ಕೆ ಮೈಕಿನಲ್ಲಿ ನೆನೆಯುವವರೂ ನಾವೇ. ನೆಲ ನಮ್ಮದಾಗಬೇಕು, ನೆಲದವರ ದಾರಿಗೆ ಮಾತ್ರ ಮಣ್ಣು!

ಇಂದು ಕೇಳಿದರೆ ಈಚೆಯವರು ಆ ಮಣ್ಣಿನಿಂದಲೇ ನಾವು ಉಳಿದದ್ದು ಅನ್ನುತ್ತಾರೆ. ಆಚೆಯವರು ಮಾತು ಬದಲಿಸುತ್ತಾರೆ.

ಗಡಿಯಿಂದ ಜನ ನರಳುವುದು ನಮ್ಮ ಪುತ್ತೂರು ಸೀಮೆಗೆ ಹೊಸತಲ್ಲ. 1834ರಲ್ಲಿ ಕಂಪನಿಯವರು ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರುಗಳನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೇಳಿದಾಗಲೇ ಗಡಿ ಸರಿದದ್ದು ಜನರಿಗೆ ತಿಳಿದದ್ದು. 1837ರಲ್ಲಿ ಆ ಜನ ದಂಗೆಯೆದ್ದು ಬೆಳ್ಳಾರೆಯ ಖಜಾನೆ ಹಿಡಿದರು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಕಂಪನಿ ಸೇನೆ ಬಂತು, ಮುಂದಾಳುಗಳು ನೇಣಿಗೇರಿದರು. ಆ ದಂಗೆಗೆ ಉಳಿದದ್ದು, ಅದರ ನಾಯಕನಿಂದ ಬಂದ, 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು. ಕಾಟಕಾಯಿ ಅಂದರೆ ಲೂಟಿ. ಅದೇ ಗುಡ್ಡೆಯಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು ಕಂಚಿನ ಪ್ರತಿಮೆಯಾಗಿ ನಿಲ್ಲಲು 2022 ಬರಬೇಕಾಯಿತು. ನಮ್ಮ ಕಡತಗಳು ಹಾಗೆಯೇ, ಸ್ವಲ್ಪ ನಿಧಾನ.

ಆದ್ದರಿಂದ ಒಂದು ಅರಿಕೆ. 'ಒತ್ತುವರಿ ಇದೆಯೇ' ಎಂದು ಕೇಳುವಾಗ ಪಕ್ಕದಲ್ಲೊಂದು ಖಾಲಿ ಜಾಗ ಬಿಡಿ: 'ಇಲ್ಲಿ ಏನಾಗಿತ್ತು?' ಅದನ್ನು ತುಂಬಿಸಲು ಉಪಗ್ರಹ ಬೇಡ. ಗಡಿಯ ಆಚೆಯ ಒಂದು ಮನೆಗೆ ಉಗ್ರಾಣಿಯನ್ನು ಕಳಿಸಿ, ಚಾ ಕುಡಿದು ಬರಲಿ.

ಇತಿ,
ಕುಂಬ್ರದ ಒಬ್ಬ ಕುಮ್ಕಿದಾರ