ದಾಕ್ಷಿಣ್ಯವಿರಲಿ, ಚೀಲ ತುಂಬಲಿ

ದೊಡ್ಡ ಕರುಳು ಹೋಯಿತೆಂದು ಬೇಸರ ಬೇಡ. ಅಲ್ಸರೇಟಿವ್ ಕೊಲೈಟಿಸ್ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿದವರಿಗೆ ಅದರ ಅಗಲಿಕೆ ಅಂಥ ದುಃಖವೇನಲ್ಲ. ಈಗ ಸಣ್ಣ ಕರುಳಿನ ಕೊನೆಯ ತುಂಡನ್ನೇ ಮಡಚಿ ಹೊಲಿದು ಹೊಟ್ಟೆಯೊಳಗೆ ಚೀಲ ಮಾಡಿಕೊಟ್ಟಿದ್ದಾರೆ. ಹೊರಗೆ ಅಂಟಿಸಿಕೊಳ್ಳುವ ಬ್ಯಾಗ್ ಇಲ್ಲ. ಕಿಬ್ಬೊಟ್ಟೆಯ ಮೇಲೆ ಕೋಟಿನ ಗುಂಡಿಯಷ್ಟು ಕೆಂಪು ಬಾಯಿ, ಅದರ ಮೇಲೊಂದು ಗಾಜ್ ತುಂಡು, ಅಷ್ಟೇ. ಸ್ವೀಡನ್ನಿನ ಗೋಥೆನ್‌ಬರ್ಗಿನ ಸರ್ಜನ್ ನಿಲ್ಸ್ ಕಾಕ್ 1969ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಚೀಲ ಕಟ್ಟುವುದನ್ನು ಅವರು ಹೇಳಿಕೊಟ್ಟರು, ಕೆಡಿಸುವುದನ್ನು ನಾನು ಹೇಳಿಕೊಡುತ್ತೇನೆ. ನನ್ನ ಯೋಗ್ಯತೆ: ಎರಡು ಸಲ ಎಮರ್ಜೆನ್ಸಿ ವಾರ್ಡು, ಒಂದು ಸಲ ವಾಲ್ವ್ ರಿಪೇರಿ.

ಮೊದಲು ಯಂತ್ರ ತಿಳಿದುಕೊಳ್ಳಿ. ಅಂಗಿಯ ತೋಳನ್ನು ಒಳಕ್ಕೆ ತುರುಕಿದ ಹಾಗೆ ಕರುಳನ್ನು ಚೀಲದ ಬಾಯಲ್ಲಿ ಒಳಮಡಚಿ ವಾಲ್ವ್ ಮಾಡಿರುತ್ತಾರೆ. ಚೀಲ ತುಂಬಿದಷ್ಟೂ ಒತ್ತಡವೇ ಅದನ್ನು ಹಿಸುಕಿ ಮುಚ್ಚುತ್ತದೆ. ತಾನಾಗಿ ಏನೂ ಹೊರಬರದು. 28 ಅಥವಾ 30 ನಂಬರಿನ ಮೆತ್ತನೆಯ ಪೈಪು ತೂರಿಸಿ ನೀವೇ ಖಾಲಿ ಮಾಡಬೇಕು. ವಾಲ್ವಿಗೆ ಶತ್ರುಗಳು ಹಲವರು. ನಮ್ಮ ಕೈಗೆ ಸುಲಭವಾಗಿ ಸಿಗುವುದು ಹೊತ್ತು ಮೀರಿ ಹಿಗ್ಗಿದ ಚೀಲ. ಮಡಿಕೆ ಬಿಚ್ಚಿ ಜಾರಿತೆಂದರೆ ಪೈಪು ಒಳಗೆ ಹೋಗದು, ಸೋರುವುದು ನಿಲ್ಲದು. ಅಲ್ಲಿಗೆ ಬಂದು ಮುಟ್ಟಿದರೆ ನೀವು ಪಾಸು.

ಮನೆಗೆ ಬರುವಾಗ ಪೈಪು ಚೀಲದೊಳಗೇ ಇರುತ್ತದೆ. ಹೊಲಿಗೆ ಮಾಯುವ ತನಕ, ಕೆಲವು ವಾರ, ಅದು ಹಗಲೂ ರಾತ್ರಿ ಸುರಿಯುತ್ತಲೇ ಇರಲಿ ಎಂದು ಡಾಕ್ಟರು ಹೇಳಿರುತ್ತಾರೆ. ನೆಂಟರು ನೋಡಲು ಬರುವ ಹೊತ್ತಿಗೆ ಕಾಲಿನ ಪಕ್ಕ ಟ್ಯೂಬು ಇಳಿಬಿದ್ದಿದ್ದರೆ ಚೆನ್ನಾಗಿರುತ್ತದೆಯೇ? ಕ್ಲಾಂಪ್ ಹಾಕಿ, ಮೇಲೊಂದು ಶಾಲು ಹೊದೆಯಿರಿ. ಪೈಪು ತೆಗೆದ ಮೇಲೆ ಶುರುವಿಗೆ ಎರಡು ಗಂಟೆಗೊಮ್ಮೆ, ಆಮೇಲೆ ಮೂರಕ್ಕೆ, ಹೀಗೆ ಏರಿಸುತ್ತಾ ಕೆಲವು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಸಲಕ್ಕೆ ನಿಲ್ಲಿಸುವುದು ಪದ್ಧತಿ. ಮೊದಮೊದಲು ಕಾಫಿ ಲೋಟದಷ್ಟು ಹಿಡಿಯುವ ಚೀಲ ಬರಬರುತ್ತಾ 500 ಎಂಎಲ್ ದಾಟುತ್ತದೆ. ನೀವು ಮೊದಲ ದಿನವೇ 500ಕ್ಕೆ ಪಳಗಿಸಿ. ಎಲ್‌ಕೆಜಿ ಮಗುವನ್ನು ಐಐಟಿ ಕೋಚಿಂಗಿಗೆ ಸೇರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಭ್ಯಾಸಕ್ಕೆ ಮದುವೆ ಮನೆಗಿಂತ ಒಳ್ಳೆಯ ಜಾಗವಿಲ್ಲ. ಹನ್ನೊಂದಕ್ಕೆ ಖಾಲಿ ಮಾಡಬೇಕಿತ್ತು ಎನ್ನಿ. ಮುಹೂರ್ತ ಹನ್ನೊಂದು ಹತ್ತಕ್ಕೆ. ಅಕ್ಷತೆ ಹಿಡಿದು ಕೂತಿರಿ. ಅಕ್ಷತೆ ಹಾಕಿ ಏಳೋಣವೆನ್ನುವಷ್ಟರಲ್ಲಿ ಸೋದರತ್ತೆ ಕೈ ಹಿಡಿದು, "ಏನೋ ಇಷ್ಟೊಂದು ಸೊರಗಿದ್ದೀಯ?" ಎನ್ನುತ್ತಾರೆ. ಆಪರೇಷನ್ ಎನ್ನಬೇಡಿ. "ಡಯಟ್ ಮಾಡ್ತಿದ್ದೀನಿ ಅತ್ತೆ" ಎನ್ನಿ. "ಸಾಕು ಸುಮ್ನಿರು, ನನ್ನ ಪಕ್ಕದಲ್ಲೇ ಮೊದಲ ಪಂಕ್ತಿಗೆ ಕೂತ್ಕೋ" ಎಂದು ಎಳೆದುಕೊಂಡು ಹೋಗುತ್ತಾರೆ; ಹೋಗಿ. ಪಂಕ್ತಿಯ ನಡುವೆ ಏಳುವುದು ಅಪಚಾರವೆಂದು ನಿಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಎಲೆ ತುದಿಗೆ ಉಪ್ಪು ಬೀಳುವಾಗ ಹೊಟ್ಟೆ ಬಿಗಿಯುತ್ತದೆ. ಸಾರಿನ ಹೊತ್ತಿಗೆ ಒಳಗೆ ಗುಡುಗುಡು. ಒಬ್ಬಟ್ಟಿಗೆ ತುಪ್ಪ ಬೀಳುವಾಗ ಪಂಚೆ ಕಟ್ಟಿದಲ್ಲಿ, ಸರಿಯಾಗಿ ಗಾಜ್ ತುಂಡಿನ ಮೇಲೆ, ಬೆಚ್ಚಗಾದ ಹಾಗೆ. ಶಲ್ಯವನ್ನು ಅತ್ತ ಸ್ವಲ್ಪ ಎಳೆದುಕೊಂಡು ಮಜ್ಜಿಗೆಯವರೆಗೂ ಕೂತಿರಿ. ಬಡಿಸುವವನು "ಇನ್ನೊಂದು ಒಬ್ಬಟ್ಟು?" ಎಂದರೆ ಬೇಡವೆಂದು ಒಂದೇ ಸಲ ಹೇಳಿ, ಎರಡನೆಯ ಸಲ ಹೇಳಿದರೆ ಮುನಿಸಿಕೊಂಡಾರು. ಎದ್ದ ಮೇಲೂ ಅವಸರ ಬೇಡ. ಛತ್ರದ ಟಾಯ್ಲೆಟ್ಟಿಗೆ ಚಿಲಕವಿರುವುದಿಲ್ಲ, ಪೈಪು ಹೇಗೂ ಮನೆಯಲ್ಲಿದೆ.

ಪೈಪು ಒಂದೇ ಸಾಕು. ಮನೆಗೊಂದು, ಕೈಚೀಲಕ್ಕೊಂದು ಎನ್ನುವುದು ದುಂದು. ಸೋಪುನೀರಲ್ಲಿ ತೊಳೆದು ಆರಿಸುವ ಬದಲು ಬಚ್ಚಲ ಮೂಲೆಯಲ್ಲಿ ಒದ್ದೆಯಾಗಿಯೇ ಸುತ್ತಿಡಿ. ನೀರಿನಲ್ಲಿ ಕರಗುವ ಜೆಲ್ಲಿ ಯಾಕೆ, ಹಳೇ ವ್ಯಾಸ್ಲೀನ್ ಇಲ್ಲವೇ? ಎರಡು ಇಂಚು ಒಳಗೆ, ವಾಲ್ವಿನ ಹತ್ತಿರ, ಸಣ್ಣ ತಡೆ ಸಿಗುತ್ತದೆ. ಅಲ್ಲಿ ಉಸಿರು ಬಿಟ್ಟು, ಹೊಟ್ಟೆ ಸಡಿಲಿಸಿ, ಮೆಲ್ಲಗೆ ಒತ್ತಿ ಎಂದು ನರ್ಸಮ್ಮ ತೋರಿಸಿಕೊಟ್ಟಿರುತ್ತಾರೆ. ನೀವು ಬೋರ್‌ವೆಲ್ ಕೊರೆದ ಹಾಗೆ ನುಗ್ಗಿಸಿ. ಕರುಳಿಗೆ ಗಾಯವಾದರೂ ಚರ್ಮದಂತೆ ಉರಿಯುವುದಿಲ್ಲ, ಹಾಗಾಗಿ ಸುದ್ದಿ ನಿಮಗೆ ತಡವಾಗಿ ತಲುಪುತ್ತದೆ. ಎಂಥ ಅನುಕೂಲ!

ಊಟದ ವಿಷಯದಲ್ಲಿ ಪಟ್ಟಿ ಚಿಕ್ಕದು: ಅಣಬೆ, ಮುಸುಕಿನ ಜೋಳ, ಕಿತ್ತಳೆ ತೊಳೆಯ ಸಿಪ್ಪೆ, ಎಲ್ಲಕ್ಕಿಂತ ಮಿಗಿಲಾಗಿ ತೆಂಗಿನಕಾಯಿ. ಇವು ಪೈಪಿನ ತೂತಿಗೆ ಬಿರಡೆ ಹಾಕಿದ ಹಾಗೆ ಕೂರುತ್ತವೆ. ನುಣ್ಣಗೆ ಅಗಿದು ತಿನ್ನುವುದು ಹೇಡಿಗಳ ದಾರಿ. ಕೋಸಂಬರಿಯನ್ನು ಹಾಗೇ ನುಂಗಿ. ಕಟ್ಟಿಕೊಂಡರೆ ಸಿರಿಂಜಿನಲ್ಲಿ 30-40 ಎಂಎಲ್ ಸಲೈನ್ ಮೆಲ್ಲಗೆ ಬಿಟ್ಟು ತೊಳೆಯುವ ಕ್ರಮವೊಂದಿದೆ, ಅದನ್ನು ಮರೆತುಬಿಡಿ. ನೀರು ಕುಡಿಯುವುದನ್ನೂ ಕಡಿಮೆ ಮಾಡಿ. ಕುಡಿದರೆ ತಾನೇ ತುಂಬುವುದು? ನೀರು, ಉಪ್ಪು ಹೀರುತ್ತಿದ್ದ ದೊಡ್ಡ ಕರುಳು ಈಗ ಇಲ್ಲ ಎನ್ನುವುದು ಲೆಕ್ಕಕ್ಕೆ ಬರಬಾರದು. ಮೂರು ದಿನಕ್ಕೆ ಚೀಲದಲ್ಲಿರುವುದು ಗಟ್ಟಿ ಅಂಬಲಿಯಾಗಿ ಪೈಪಿನಲ್ಲಿ ಇಳಿಯುವುದಿಲ್ಲ, ಕಾಲು ಸೆಟೆಯುತ್ತದೆ, ತಲೆ ತಿರುಗುತ್ತದೆ. ಜ್ವರ ಬಂದು, ನೀರಿನಂತೆ ಹೋಗಲು ಶುರುವಾದರೆ ಚೀಲ ಉರಿಯೂತಕ್ಕೆ ಬಿದ್ದಿರಬಹುದು. ಡಾಕ್ಟರಿಗೆ ತೋರಿಸಿದರೆ ಆಂಟಿಬಯೋಟಿಕ್ ಕೊಟ್ಟು ಕೆಲಸ ಕೆಡಿಸುತ್ತಾರೆ, ದೃಷ್ಟಿ ತೆಗೆಸಿ.

ಇಷ್ಟೂ ಮಾಡಿದವರಿಗೆ ಒಂದು ರಾತ್ರಿ ಎರಡು ಗಂಟೆಗೆ ಫಲ ಸಿಗುತ್ತದೆ: ಪೈಪು ಒಳಗೆ ಹೋಗುವುದಿಲ್ಲ. ಅಂಗಾತ ಮಲಗಿ, ಮೈ ಸಡಿಲಿಸಿ, ಇನ್ನೊಮ್ಮೆ ನೋಡಿ, ಆಗದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕಾದ ಹೊತ್ತು ಅದು. ನೀವು ಓಮದ ನೀರು ಕುಡಿದು ಕೂತಿರಿ. ಮಗನಿಗೆ ಬೆಳಿಗ್ಗೆ ಆಫೀಸಿದೆ, ಎಬ್ಬಿಸಬೇಡಿ. ಬೆಳಕು ಹರಿದ ಮೇಲೆ, ಹಾಲು ತಗೊಂಡು, ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ.

ಡ್ಯೂಟಿ ಡಾಕ್ಟರು ಚಿಕ್ಕ ಹುಡುಗಿ. "ಏನು ಆಪರೇಷನ್ ಆಗಿತ್ತು ಅಂಕಲ್?"

"ಹೊಟ್ಟೇದು."

"ಹೊಟ್ಟೇದು ಅಂದ್ರೆ?"

ಪಕ್ಕದ ಮಂಚದಲ್ಲಿ ಪರಿಚಯದವರಿದ್ದಾರೆ. ಗಟ್ಟಿ ಧ್ವನಿಯಲ್ಲಿ "ಹೀಗೇ, ಸ್ವಲ್ಪ ಗ್ಯಾಸು" ಎನ್ನಿ. ಆಕೆ ಅಂಗಿ ಎತ್ತಿ ನೋಡಿ, "ಇಲಿಯೋಸ್ಟಮಿ ಅಲ್ವಾ? ಬ್ಯಾಗ್ ಎಲ್ಲಿ?" ಎನ್ನುತ್ತಾರೆ. ನಮ್ಮ ಬಗೆಯದನ್ನು ಆಕೆ ಎಂದೂ ಕಂಡಿರಲಾರರು. ಆಪರೇಷನ್ನಿನ ಹೆಸರು, ಪೈಪಿನ ನಂಬರು, ಸರ್ಜನ್ನರ ಫೋನು ಬರೆದ ಚೀಟಿಯನ್ನು ಸದಾ ಜೇಬಲ್ಲಿಟ್ಟುಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿರುವುದು ಈ ಪ್ರಶ್ನೆಗೇ. ಆದ್ದರಿಂದ ಚೀಟಿಯನ್ನು ಭದ್ರವಾಗಿಡಿ. ನನ್ನದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿತ್ತು. ಬೀಗದ ಕೈ ಹೆಂಡತಿಯ ಸೊಂಟದಲ್ಲಿತ್ತು. ಹೆಂಡತಿ ತಿಪಟೂರಿಗೆ, ತವರಿಗೆ ಹೋಗಿದ್ದಳು. ಬರುವಾಗ ನಿಮಗೆ ಕೊಬ್ಬರಿ ತರುತ್ತೇನೆ ಎಂದಿದ್ದಳು.